ಕಾಲಾಳು ಬುಕ್ಕಂ ಸಿಂಗ್

ಕೇಳುಗರಿಗೆಲ್ಲ ನಮಸ್ಕಾರ.

ಮೊದಲ ಮಹಾಯುದ್ಧ ಅಂದ ಕೂಡಲೇ ನಮ್ಮವರು ಹೈಫಾ ಅಂತಾರೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಸೇರಿ, ಈಗ ಇಸ್ರೇಲ್‌ನಲ್ಲಿರುವ ಆ ಪಟ್ಟಣವನ್ನು ಗೆದ್ದರು. ಹೆಮ್ಮೆ ಪಡಬೇಕಾದ ವಿಷಯ, ಅನುಮಾನವೇ ಇಲ್ಲ. ಆದರೆ ಇವತ್ತು ನಾನು ಹೇಳೋಕೆ ಬಂದಿರೋದು ಕುದುರೆ ಇಲ್ಲದವನ ಕಥೆ. ಒಬ್ಬ ಕಾಲಾಳು. ಅವನು ಹುಟ್ಟಿದ್ದು ಪಂಜಾಬಿನಲ್ಲಿ, ಹೋರಾಡಿದ್ದು ಕೆನಡಾದ ಸೈನ್ಯದಲ್ಲಿ. ಹೆಸರು ಬುಕ್ಕಂ ಸಿಂಗ್.

1893ರ ಡಿಸೆಂಬರ್‌ನಲ್ಲಿ ಮಾಹಿಲ್‌ಪುರದಲ್ಲಿ ಹುಟ್ಟಿದ ಹುಡುಗ. ಆ ಕಾಲದ ರೂಢಿಯಂತೆ ಹತ್ತು ತುಂಬುವ ಮೊದಲೇ ಮನೆಯವರು ಮದುವೆ ಮಾಡಿಬಿಟ್ಟರು. ಹುಡುಗಿ ಜಮ್ಶೇರ್ ಊರಿನ ಪ್ರೀತಮ್ ಕೌರ್. 1907ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಅವನು ಹಡಗು ಹತ್ತಿ ಕೆನಡಾದ ಪಶ್ಚಿಮ ಕರಾವಳಿಗೆ ಹೋದ. ದುಡಿಯೋಕೆ, ಮತ್ತೇನಕ್ಕೂ ಅಲ್ಲ.

ಅಲ್ಲಿ ಭಾರತೀಯರನ್ನು ಯಾರೂ ಆರತಿ ಎತ್ತಿ ಕರೆದುಕೊಳ್ಳಲಿಲ್ಲ. ಅದೇ 1907ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಭಾರತೀಯರ ಮತದ ಹಕ್ಕು ಕಿತ್ತುಕೊಂಡಿತು. ಮರುವರ್ಷ ಇನ್ನೊಂದು ನಿಯಮ ಬಂತು. ಹುಟ್ಟಿದ ದೇಶದಿಂದ ಎಲ್ಲೂ ಹಡಗು ಬದಲಿಸದೆ ನೇರ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ಬರೋಕೆ ದಾರಿಯೇ ಇರಲಿಲ್ಲ! ಅದು ಗೊತ್ತಿದ್ದೇ ಮಾಡಿದ ನಿಯಮ. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್‌ಗೆ ಬಂದಾಗ ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಹೆಚ್ಚುಕಡಿಮೆ ಎಲ್ಲರನ್ನೂ ವಾಪಸು ಕಳಿಸಿದರು. ಇಂಥ ದೇಶಕ್ಕೆ ಹೆಂಡತಿಯನ್ನು ಕರೆಸಿಕೊಳ್ಳೋದು ಹೇಗೆ?

ಆಮೇಲೆ ಅವನು ಪೂರ್ವಕ್ಕೆ, ಒಂಟಾರಿಯೋ ಪ್ರಾಂತ್ಯಕ್ಕೆ ಬಂದ. ಹೊಲದಲ್ಲಿ ಕೂಲಿ. ಕೊಮಗಾಟ ಮಾರು ವಾಪಸು ಹೋಗಿ ಒಂದು ವರ್ಷವೂ ಆಗಿರಲಿಲ್ಲ, 1915ರ ವಸಂತದಲ್ಲಿ ಈ ಹುಡುಗ ಸ್ಮಿತ್ಸ್ ಫಾಲ್ಸ್ ಊರಿನಲ್ಲಿ ಸೈನ್ಯಕ್ಕೆ ಹೆಸರು ಬರೆಸಿದ. ಯಾರೂ ಬಲವಂತ ಮಾಡಿರಲಿಲ್ಲ. ಕೆನಡಾದಲ್ಲಿ ಕಡ್ಡಾಯ ಭರ್ತಿ ಬಂದದ್ದು 1917ರಲ್ಲಿ.

ಸೇರುವವರೆಲ್ಲ ಒಂದು ಫಾರಂ ತುಂಬಬೇಕಿತ್ತು. ಹೆಸರೇನು, ಯಾವೂರು, ಏನು ಕೆಲಸ, ಮದುವೆ ಆಗಿದೆಯಾ, ಹತ್ತಿರದ ಸಂಬಂಧಿಕರು ಯಾರು. ಎತ್ತರ, ಎದೆಯ ಸುತ್ತಳತೆ, ಕೂದಲಿನ ಬಣ್ಣ. ಧರ್ಮದ ಕಲಂನಲ್ಲಿ ಕ್ರೈಸ್ತರ ಪಂಗಡಗಳು, ಯಹೂದಿ, ಆಮೇಲೆ 'ಇತರೆ'. ಸಿಖ್ ಅಂತ ಇರಲೇ ಇಲ್ಲ. ಆದರೂ ಈ ಕಾಗದ ಎಷ್ಟು ಮಾತಾಡುತ್ತೆ ನೋಡಿ! ಇದನ್ನೇ ನಾನು ಮತ್ತೆ ಮತ್ತೆ ಹೇಳ್ತೀನಿ. ಸಾಮಾನ್ಯ ಸಿಪಾಯಿಯ ಬದುಕು ಎಲ್ಲೂ ಕಳೆದುಹೋಗಿಲ್ಲ. ಅದು ಕಾಗದದಲ್ಲಿದೆ, ಪದಕದಲ್ಲಿದೆ. ಹುಡುಕುವವರು ಬೇಕು, ಅಷ್ಟೇ.

ಕೆನಡಾದ ಸಿಪಾಯಿಗೆ ಸಂಬಳ ದಿನಕ್ಕೆ 1 ಡಾಲರ್, ಮೇಲೆ 10 ಸೆಂಟ್ ಭತ್ಯೆ. ನಮ್ಮ ಭಾರತೀಯ ಸೈನ್ಯದ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ.

1916ರ ಆರಂಭದಲ್ಲಿ ಬುಕ್ಕಂ 20ನೇ ಕೆನಡಿಯನ್ ಕಾಲಾಳು ಬೆಟಾಲಿಯನ್ ಸೇರಿ ಬೆಲ್ಜಿಯಂನ ಈಪ್ರ್ ಕಡೆಯ ಕಂದಕಗಳಿಗೆ ಇಳಿದ. ಕಾಲಾಳು ಅಂದರೆ ಏನು ಅಂದುಕೊಂಡಿದ್ದೀರಿ? ಬೆನ್ನ ಮೇಲೆ ಇಪ್ಪತ್ತೈದು ಕೆ.ಜಿ.ಗಿಂತ ಜಾಸ್ತಿ ಹೊರೆ, ಮೊಣಕಾಲುದ್ದ ಕೆಸರು. ಕೆಲವು ದಿನ ಮುಂದಿನ ಸಾಲು, ಕೆಲವು ದಿನ ಹಿಂದಿನ ಸಾಲು. ಹಿಂದೆ ಹೋದರೆ ವಿಶ್ರಾಂತಿ ಅಂದುಕೊಳ್ಳಬೇಡಿ, ರಾತ್ರಿಯೆಲ್ಲ ಸಾಮಾನು ಹೊರೋದು, ಕಂದಕ ಅಗೆಯೋದು. ನೀರಿನಲ್ಲೇ ನಿಂತು ನಿಂತು ಪಾದ ಕೊಳೆಯುತ್ತಿತ್ತು. ಅದಕ್ಕೆ ತಿಮಿಂಗಿಲದ ಎಣ್ಣೆ ತಿಕ್ಕಿಕೊಳ್ಳಬೇಕು, ಅದು ಆರ್ಡರ್. ಕೆನಡಾ ಕೊಟ್ಟಿದ್ದ ರಾಸ್ ರೈಫಲ್ ಕೆಸರು ಹೊಕ್ಕರೆ ಸಿಕ್ಕಿಹಾಕಿಕೊಂಡುಬಿಡುತ್ತಿತ್ತು. ಶತ್ರು ಎದುರಿಗೆ ಇರುವಾಗ ಬೋಲ್ಟನ್ನು ಬೂಟಿನಿಂದ ಒದ್ದು ಬಿಡಿಸಿಕೊಂಡವರಿದ್ದಾರೆ. ಕೊನೆಗೆ 1916ರಲ್ಲಿ ಅದನ್ನು ತೆಗೆದು ಲೀ ಎನ್‌ಫೀಲ್ಡ್ ಕೊಟ್ಟರು.

1916ರ ಜೂನ್‌ನಲ್ಲಿ ಬುಕ್ಕಂ ತಲೆಗೆ ಶೆಲ್ಲಿನ ಚೂರು ಬಡಿಯಿತು. ವಾಸಿಯಾಗಿ ಮತ್ತೆ ಕಂದಕಕ್ಕೆ ಹೋದ. ಜುಲೈನಲ್ಲಿ ಕಾಲಿಗೆ ಗುಂಡು. ಈ ಸಲ ಅವನಿಗೆ ಚಿಕಿತ್ಸೆ ನಡೆದದ್ದು ಡಾಕ್ಟರ್ ಜಾನ್ ಮೆಕ್ರೇ ಇದ್ದ ಆಸ್ಪತ್ರೆಯಲ್ಲಿ. ಯುದ್ಧಭೂಮಿಯ ಕವಿಯೆಂದು ಕೆನಡಾದ ಮಕ್ಕಳೆಲ್ಲ ಬಲ್ಲ ಅದೇ ಮೆಕ್ರೇ. ಆಮೇಲೆ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಕ್ಷಯ ಅಂಟಿಕೊಂಡಿತು. ಗುಂಡಿಗೆ ಬಗ್ಗದವನನ್ನು ಕ್ಷಯ ಮಲಗಿಸಿತು. ಕೆನಡಾಕ್ಕೆ ವಾಪಸು ತಂದು ಒಂಟಾರಿಯೋದ ಕಿಚನರ್ ಊರಿನ ಸೈನಿಕ ಆಸ್ಪತ್ರೆಯಲ್ಲಿಟ್ಟರು. ಆ ಊರಿಗೆ 1916ರವರೆಗೆ ಬರ್ಲಿನ್ ಅಂತ ಹೆಸರಿತ್ತು. ಜರ್ಮನರ ಮೇಲಿನ ಸಿಟ್ಟಿಗೆ ಬದಲಿಸಿದ್ದು. 1919ರ ಆಗಸ್ಟ್ 27ರಂದು ಬುಕ್ಕಂ ಅಲ್ಲೇ ತೀರಿಕೊಂಡ. ವಯಸ್ಸು 25. ಮೌಂಟ್ ಹೋಪ್ ಸ್ಮಶಾನದಲ್ಲಿ ಹೂಳಿದರು. ಅದೇ 1919ರಲ್ಲಿ ಕೆನಡಾ ಸರ್ಕಾರ ಭಾರತೀಯರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಒಪ್ಪಿತು. ಪ್ರೀತಮ್ ಕೌರ್‌ಗೆ ಅದರಿಂದ ಏನಾಗಬೇಕಿತ್ತು, ಹೇಳಿ.

ಸುಮಾರು ತೊಂಬತ್ತು ವರ್ಷ ಯಾರಿಗೂ ಇವನ ಸುದ್ದಿಯೇ ಇರಲಿಲ್ಲ. ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರ್ತೀನಿ, ಸ್ವಲ್ಪ ಸಮಯ ತಗೊಳ್ತೀನಿ.

ಸಂದೀಪ್ ಸಿಂಗ್ ಬ್ರಾರ್ ಅಂತ ಕೆನಡಾದ ಇತಿಹಾಸಕಾರರು. ಸಿಖ್ಖರ ಹಳೆಯ ವಸ್ತುಗಳನ್ನು ಹುಡುಕೋದು ಅವರ ಕೆಲಸ. ಇಂಗ್ಲೆಂಡಿನ ಒಂದು ಅಂಗಡಿಯಲ್ಲಿದ್ದ ವಿಕ್ಟರಿ ಮೆಡಲ್ ಅನ್ನು ಅವರು ಕೊಂಡುಕೊಂಡರು. ಕಂಚಿನ ಪದಕ. ಮುಂದೆ ರೆಕ್ಕೆ ಬಿಚ್ಚಿ ನಿಂತ ದೇವತೆ, ಮೇಲೆ ಕಾಮನಬಿಲ್ಲಿನ ಬಣ್ಣದ ರಿಬ್ಬನ್. ಅಂಥವು ಲಕ್ಷಗಟ್ಟಲೆ ಇವೆ, ಎಲ್ಲ ಒಂದೇ ಥರ ಕಾಣುತ್ತವೆ. ಆದರೆ ಅಂಚು? ಅಂಚು ಒಂದೇ ಥರ ಇರೋದಿಲ್ಲ! ಪದಕದ ಸುತ್ತ, ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ನಂಬರು, ದರ್ಜೆ, ಹೆಸರು, ಪಡೆ ಅಚ್ಚು ಹಾಕಿರುತ್ತಾರೆ. ಸಿಂಗ್ ಅಂತ ಹೆಸರಿದ್ದರೆ ಬ್ರಿಟಿಷ್ ಇಂಡಿಯನ್ ಆರ್ಮಿಯವನೇ ಇರಬೇಕು ಅಂತ ಯಾರಾದರೂ ಅಂದುಕೊಳ್ತಾರೆ. ಇದರ ಅಂಚಿನಲ್ಲಿದ್ದದ್ದು ಕೆನಡಾದ ಕಾಲಾಳು ಪಡೆ. ಬ್ರಾರ್ ಆ ಒಂದು ಸಾಲು ಹಿಡಿದು ಹೊರಟರು. ಸೈನ್ಯದ ಕಡತ ಸಿಕ್ಕಿತು. ಕಡತದಿಂದ ಗಾಯಗಳು, ಆಸ್ಪತ್ರೆಗಳು, ಹೆಂಡತಿ, ಊರು ಸಿಕ್ಕವು. ಕೊನೆಗೆ ಸಮಾಧಿಯೂ ಸಿಕ್ಕಿತು. ಕೆನಡಾದಲ್ಲಿ ಮೊದಲ ಮಹಾಯುದ್ಧದ ಸಿಖ್ ಸೈನಿಕನದು ಅಂತ ಗೊತ್ತಿರುವ ಸಮಾಧಿ ಅದೊಂದೇ. ಈಗ ಪ್ರತಿ ನವೆಂಬರ್‌ನಲ್ಲಿ ಅಲ್ಲಿ ಜನ ಸೇರಿ ಗೌರವ ಸಲ್ಲಿಸುತ್ತಾರೆ. ಇಷ್ಟೂ ಆಗಿದ್ದು ಯಾರೋ ಒಬ್ಬರು ಅಂಚು ಓದಿದ್ದರಿಂದ.

ಸಮಯ ಮುಗಿಯುತ್ತಾ ಬಂತು ಅಂತ ಒಳಗಿನಿಂದ ಕೈ ಮಾಡ್ತಿದ್ದಾರೆ. ಆಗ ಕೆನಡಾದ ಸೈನ್ಯದಲ್ಲಿ ಹೀಗೆ ಸೇರಿದ್ದ ಹತ್ತು ಸಿಖ್ಖರ ಹೆಸರು ಸಿಕ್ಕಿದೆ. ಉಳಿದವರ ಬಗ್ಗೆ ಹೇಳೋಕೆ ಆಗಲಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತೀಯರಿಗೆ ಮತದ ಹಕ್ಕು ವಾಪಸು ಬಂದದ್ದು 1947ರಲ್ಲಿ, ಅದನ್ನೂ ನೆನಪಿಡಿ.

ಕೊಡಗು, ಬೆಳಗಾವಿ ಕಡೆಯಿಂದ ಕೇಳ್ತಿರುವವರಿಗೆ ಒಂದು ಮಾತು. ನಿಮ್ಮಲ್ಲಿ ಎಷ್ಟೋ ಮನೆಯ ಟ್ರಂಕಿನಲ್ಲಿ ಮುತ್ತಜ್ಜನ ಪದಕ ಇದೆ. ಬೆಳ್ಳಿ ಅಂತ ತೂಕಕ್ಕೆ ಹಾಕಬೇಡಿ, ದಯವಿಟ್ಟು. ಮಾರಿದವರನ್ನು ನೋಡಿ ನನಗೆ ಸಾಕಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ, ತಿಕ್ಕಿ ತಿಕ್ಕಿ ಅಕ್ಷರ ಸವೆದುಹೋಗುತ್ತೆ. ಬೆಳಕಿಗೆ ಹಿಡಿದು ಅಂಚಿನಲ್ಲಿರೋದನ್ನು ಒಂದು ಹಾಳೆಗೆ ಬರೆದುಕೊಳ್ಳಿ. ಆಮೇಲೆ ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಆ ಹೆಸರು ಹಾಕಿ ನೋಡಿ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ಒಳಗೆ ಸೇವೆಯಲ್ಲಿದ್ದಾಗ ಸತ್ತವರ ಹೆಸರು ಅದರಲ್ಲಿರುತ್ತೆ. ದುಡ್ಡು ಕೊಡಬೇಕಾಗಿಲ್ಲ. ನಿಮಗೆ ಬರದಿದ್ದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿ. ಇವತ್ತು ಸಂಜೆಯೇ ಮಾಡಿ, ನಾಳೆಗೆ ಇಡಬೇಡಿ.

ನಮಸ್ಕಾರ.