ತೊಡೆಸಂದಿನ ನೋವು: ತಿಕ್ಕಿಸಬೇಡಿ, ತೋರಿಸಿ

ಕೇಳುಗರಿಗೆ ನಮಸ್ಕಾರ. ಇವತ್ತು ನನ್ನದು ಒಂದೇ ಮಾತು. ತೊಡೆಸಂದಿನ ಆಳದಲ್ಲಿ ನೋವು ವಾರಗಟ್ಟಲೆ ಬಿಡದಿದ್ದರೆ ತಿಕ್ಕಿಸಬೇಡಿ, ತೋರಿಸಿ.

ತೊಡೆ ಮೂಳೆಯ ಗುಂಡು ತಲೆ ಚಪ್ಪೆಯ ಬಟ್ಟಲಲ್ಲಿ ಕೂತಿರುತ್ತದೆ. ಬಟ್ಟಲಿನ ಅಂಚಿಗೆ ಸುತ್ತಲೂ ಮೆತ್ತನೆಯ ಬಳೆ, ಲೇಬ್ರಮ್. ಕುಕ್ಕರಿನ ಗ್ಯಾಸ್ಕೆಟ್ ಅಂದುಕೊಳ್ಳಿ. ಅಲ್ಲಿ ರಕ್ತದ ಓಡಾಟ ಕಡಿಮೆ. ಹರಿದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ.

ಹರಿಹರದ ಕಡೆಯ ಒಬ್ಬ ಪೈಲ್ವಾನ ಹುಡುಗ. ದಾವಣಗೆರೆ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ತಯಾರಿ ನಡೆಸಿದ್ದ. ಬಸ್ಕಿ ಹೊಡೆಯಲು ಕೂತರೆ ಚಳಕು, ಎದ್ದರೆ ಒಳಗೆ ‘ಟಕ್’. ಗರಡಿಯಲ್ಲಿ ‘ಉಳುಕು ಬಿಡೋ’ ಅಂದರು. ಎಣ್ಣೆ ತಿಕ್ಕಿದರು, ಕಾಲು ಹಿಡಿದು ಎಳೆದರು, ತಿರುಚಿದರು. ಆಮೇಲೆ ಬೆನ್ನಿಗೆ ಸ್ಕ್ಯಾನ್ ಆಯ್ತು, ಹರ್ನಿಯಾ ಪರೀಕ್ಷೆಯೂ ಆಯ್ತು. ನನ್ನ ಹತ್ತಿರ ಬಂದಾಗ ‘ನೋವು ಎಲ್ಲಪ್ಪಾ?’ ಅಂದೆ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಇಟ್ಟು ಚಪ್ಪೆಯನ್ನೇ ಬಾಚಿ ಹಿಡಿದು ತೋರಿಸಿದ. ನೋವು ಕೀಲಿನೊಳಗಿನದು ಅಂತ ಅರ್ಧ ರೋಗ ಅಲ್ಲೇ ಗೊತ್ತಾಯ್ತು! ಮಲಗಿಸಿ, ಮೊಣಕಾಲು ಎದೆಯತ್ತ ಮಡಚಿ, ಒಳಕ್ಕೆ ತಿರುಗಿಸಿದೆ. ‘ಸಾರ್, ಅದೇ ಸಾರ್!’ ಅಂತ ಮಂಚದ ಅಂಚು ಹಿಡಿದುಕೊಂಡ. ಎಕ್ಸ್‌ರೇಯಲ್ಲಿ ಲೇಬ್ರಮ್ ಕಾಣುವುದಿಲ್ಲ. ಆದರೆ ತೊಡೆ ಮೂಳೆಯ ಕತ್ತಿನ ಮೇಲೆ ಒಂದು ಉಬ್ಬು ಕಂಡಿತು. ಪ್ರತಿ ಬಸ್ಕಿಗೂ ಅದು ಬಟ್ಟಲಿನ ಅಂಚಿಗೆ ತಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ಡಾಕ್ಟರ್ ಗಾಂಜ್ ಮತ್ತು ಜೊತೆಗಾರರು 2003ರಲ್ಲಿ ವಿವರವಾಗಿ ಬರೆದದ್ದು ಇದೇ ತಾಗಾಟದ ಬಗ್ಗೆ. ಹರಿದದ್ದು ಎದ್ದು ಕಾಣಲಿ ಅಂತ ಕೀಲಿನೊಳಗೆ ಔಷಧ ಬಿಟ್ಟು ಎಂಆರ್‌ಐ ಮಾಡಿಸಿದೆವು, ಲೇಬ್ರಮ್ ಹರಿದ ಜಾಗ ಸಿಕ್ಕಿತು. ಇದನ್ನು ಎಣ್ಣೆ ತಿಕ್ಕಿ ಸರಿ ಮಾಡಲು ಆಗುತ್ತಾ, ನೀವೇ ಹೇಳಿ?

ಅರಿವಳಿಕೆ ಕೊಟ್ಟು, ಕಾಲನ್ನು ಯಂತ್ರದಲ್ಲಿ ಎಳೆದು, ಕೀಲನ್ನು ಸುಮಾರು 1 ಸೆಂಟಿಮೀಟರ್ ಬಿಡಿಸಿಕೊಂಡೆವು. ಎಳೆಯುವುದು ಅಂದರೆ ಇದು, ಗರಡಿಯ ಎಳೆದಾಟ ಅಲ್ಲ. 2-3 ಸಣ್ಣ ತೂತು ಸಾಕು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ಮೂಳೆಯಲ್ಲಿ ಪುಟ್ಟ ಆಂಕರ್, ಅಂದರೆ ದಾರ ಹಿಡಿದಿಡುವ ಗೂಟ, ಕೂರಿಸಿ, ಹರಿದ ಅಂಚನ್ನು ದಾರದಿಂದ ಬಿಗಿದೆವು. ಉಬ್ಬನ್ನು ಉಜ್ಜಿ ತೆಗೆದೆವು. ಅದನ್ನು ಹಾಗೇ ಬಿಟ್ಟು ಸುಮ್ನೆ ಹೊಲಿದರೆ ಮತ್ತೆ ತಾಗುತ್ತದೆ, ಅಲ್ವಾ?

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಎಲ್ಲರಿಗೂ ಆಪರೇಷನ್ ಬೇಡ. ಮೊದಲು ಫಿಸಿಯೋಥೆರಪಿ. ಕೀಲು ಜಾಸ್ತಿ ಸವೆದವರಿಗೆ ಈ ಹೊಲಿಗೆ ಆಗಿಬರುವುದಿಲ್ಲ. ಮಾಡಿಸಿಕೊಂಡವರಿಗೆ ಕೆಲವು ವಾರ ಊರುಗೋಲು, ತಿಂಗಳುಗಟ್ಟಲೆ ವ್ಯಾಯಾಮ. ‘ನಾಳೆಯೇ ಅಖಾಡಕ್ಕೆ ಇಳಿಯಲಾ?’ ಅಂತ ಕೇಳಬೇಡಿ.

ಮತ್ತೆ ಹೇಳುತ್ತೇನೆ, ತಿಕ್ಕಿಸಬೇಡಿ, ತೋರಿಸಿ. ಬರುವಾಗ ಹಳೆಯ ಎಕ್ಸ್‌ರೇಗಳನ್ನೆಲ್ಲ ತನ್ನಿ. ಬರೀ ವರದಿ ಕಾಗದ ಸಾಲದು, ಫಿಲಂ ಬೇಕು. ನಮಸ್ಕಾರ.