ಬೆಳಗಾವಿಯ ವಾರ್ಡಿನಲ್ಲಿ ಗಡಿ ಕಾಣುವ ಜಾಗ

ಇದು ಬೆಳಗಾವಿಯ ಚನ್ನಮ್ಮ ವೃತ್ತ. ತುಮಕೂರು ಕಡೆಯವನಾದ ನಾನು ಜನರಲ್ ಮೆಡಿಸಿನ್ ಓದಲು, ಅಂದರೆ ಆಸ್ಪತ್ರೆಯವರ ಮಾತಿನಲ್ಲಿ ಪಿಜಿ ಡಾಕ್ಟರಾಗಿ, ಇಲ್ಲಿಗೆ ಹೊರಟಾಗ ‘ಅಲ್ಲಿ ಭಾಷೆಯ ಜಗಳ, ಹುಷಾರು’ ಎಂದು ಎಚ್ಚರಿಸದ ನೆಂಟರಿರಲಿಲ್ಲ. ಜಗಳವೇ ಇಲ್ಲವೆಂದು ನಾನೂ ಹೇಳಲಾರೆ. ನವೆಂಬರ್ 1ರಂದು ಈ ವೃತ್ತದಲ್ಲಿ ರಾಜ್ಯೋತ್ಸವಕ್ಕೆ ಜನ ಕಿಕ್ಕಿರಿದಿದ್ದರೆ, ಅದೇ ಊರಿನಲ್ಲಿ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ, ಅಂದರೆ ಎಂಇಎಸ್‌ನವರು ಕರಾಳ ದಿನ ಆಚರಿಸುತ್ತಾರೆ. ಆದರೆ ವಾರ್ಡಿನೊಳಗೆ ನಮ್ಮನ್ನು ಸತಾಯಿಸುವುದು ಭಾಷೆಯಲ್ಲ, ಕಾಗದಪತ್ರ.

ಮಹಾರಾಷ್ಟ್ರದ ಚಂದಗಡದ ಅಜ್ಜಿ ಮರಾಠಿಯಲ್ಲಿ ‘ಧಾಪ್ ಲಾಗತೇ’ ಎನ್ನುತ್ತಾರೆ, ಪಕ್ಕದ ಹಾಸಿಗೆಯ ಗೋಕಾಕದ ರೈತರು ‘ದಮ್ಮ ಹತ್ತೈತ್ರಿ’ ಎನ್ನುತ್ತಾರೆ, ನಾವು ಇಬ್ಬರ ಎದೆಗೂ ಸ್ಟೆತಾಸ್ಕೋಪ್ ಇಡುತ್ತೇವೆ. ಇಲ್ಲಿನ ಸಿಸ್ಟರ್‌ಗಳಂತೂ ಒಂದು ಸಲೈನ್ ಬಾಟಲಿ ಬದಲಿಸುವಷ್ಟರಲ್ಲಿ ಮೂರು ಭಾಷೆ ಬದಲಿಸುತ್ತಾರೆ.

ಜ್ವರದ ರೋಗಿ ಬಂದರೆ ನಾನು ಈಗ ಮೊದಲು ಕೇಳುವುದು ಊರಿನ ಹೆಸರು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದದ್ದನ್ನು ನಾವೆಲ್ಲ ಪಠ್ಯದಲ್ಲಿ ಓದಿದ್ದೇವೆ. ಅದು ಈಚೆಗೆ ಗೋವಾದ ಸತ್ತರಿ ಮತ್ತು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಹಾಗಾಗಿ ಗೋವಾ ದಾರಿಯ ಚೋರ್ಲಾ ಘಾಟಿಯ ಕಡೆಯಿಂದ ಬಂದವರನ್ನು ಬೇಸಿಗೆಯಲ್ಲಿ ಗೋಡಂಬಿ ತೋಟಕ್ಕೆ ಹೋಗಿದ್ದಿರಾ, ಉಣುಗು ಕಚ್ಚಿತ್ತೇ, ಸುತ್ತಮುತ್ತ ಮಂಗ ಸತ್ತಿತ್ತೇ ಎಂದು ಕೇಳದೆ ಬಿಡುವುದಿಲ್ಲ. ಮಳೆಗಾಲದಲ್ಲಾದರೆ ಗದ್ದೆಯ ನೀರಿನಲ್ಲಿ ನಿಂತಿದ್ದರೇ ಎಂಬ ಪ್ರಶ್ನೆ, ಏಕೆಂದರೆ ಆಗ ಇಲಿಜ್ವರದ ಸಂಶಯ.

ಚಿಕಿತ್ಸೆ ಶುರುವಾದ ಮೇಲೆ ರೋಗಿಯ ಮಗ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು, ಆಧಾರ್, ಮಡಿಕೆ ಬಿದ್ದ ಹಳೆಯ ಇಸಿಜಿ ಎಲ್ಲವನ್ನೂ ಹೊರತೆಗೆದು ಹಾಸಿಗೆಯ ಮೇಲೆ ಹರಡುತ್ತಾನೆ. ಕಾರ್ಡು ಮಹಾರಾಷ್ಟ್ರದ್ದಾದರೆ ಚಿಕಿತ್ಸೆಯ ವೆಚ್ಚ ಭರಿಸುವ ನಮ್ಮ ಆರೋಗ್ಯ ಕರ್ನಾಟಕ ಯೋಜನೆಯ ಲೆಕ್ಕಕ್ಕೆ ರೋಗಿ ಬರುವುದಿಲ್ಲ. ಆ ರಾಜ್ಯದ ಅಂಥದ್ದೇ ಮಹಾತ್ಮ ಫುಲೆ ಯೋಜನೆ ಈ ಆಸ್ಪತ್ರೆಗೆ ಅನ್ವಯಿಸುತ್ತದೆಯೇ ಎಂಬುದನ್ನು ಕೌಂಟರಿನಲ್ಲೇ ವಿಚಾರಿಸಬೇಕು. ಇದೇ ಯೋಜನೆಯನ್ನು ತಾನು ಹಕ್ಕು ಸಾಧಿಸುವ 865 ಗಡಿ ಗ್ರಾಮಗಳಿಗೆ ವಿಸ್ತರಿಸಲು ಮಹಾರಾಷ್ಟ್ರ 2023ರಲ್ಲಿ ಮುಂದಾದಾಗ ಕರ್ನಾಟಕ ಸರ್ಕಾರ ಬಲವಾಗಿ ಆಕ್ಷೇಪಿಸಿತು. ರಾಜಕೀಯವಾಗಿ ಆ ಆಕ್ಷೇಪ ನನಗೆ ಅರ್ಥವಾಗುತ್ತದೆ. ಆದರೆ ರಾತ್ರಿ ಡ್ಯೂಟಿಯಲ್ಲಿ ಡಯಾಲಿಸಿಸ್‌ಗೆ ಹಣ ಹೊಂದಿಸಲು ಫೋನ್ ಮೇಲೆ ಫೋನ್ ಮಾಡುತ್ತಿರುವ ಮನುಷ್ಯನ ಮುಂದೆ ಅದನ್ನು ವಿವರಿಸುವ ಧೈರ್ಯ ನನಗಿಲ್ಲ.

ವಿಷ ಸೇವಿಸಿದವರ ಪ್ರಕರಣ ಇನ್ನೂ ತೊಡಕಿನದು. ಘಟನೆ ಗಡಿಯಾಚೆ ನಡೆದಿದ್ದರೂ ಪೊಲೀಸರಿಗೆ ತಿಳಿಸಬೇಕಾದವರು ನಾವು. ಇಲ್ಲಿನ ಠಾಣೆಯಿಂದ ಅಲ್ಲಿನ ಠಾಣೆಗೆ ಕಾಗದ ತಲುಪುವವರೆಗೆ ಮನೆಯವರು ವರಾಂಡದಲ್ಲಿ ಕಾಯುತ್ತಾರೆ.

2022ರ ಡಿಸೆಂಬರಿನಲ್ಲಿ ಗಡಿ ವಿವಾದ ಬಿಸಿಯೇರಿ ಎರಡೂ ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೆ ಅಡ್ಡಿಯಾಗಿತ್ತು. ಮತ್ತೆ ಯಾವಾಗ ಹಾಗಾಗುವುದೋ ಹೇಳಲಾಗದು. ಅದಕ್ಕೇ ಗಡಿಯ ಶಿನೋಳಿಯ ಆಚೆಗಿನ ರೋಗಿಗಳನ್ನು ಡಿಸ್ಚಾರ್ಜ್ ಮಾಡುವಾಗ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಬಹುದಾದ ಮಾತ್ರೆಗಳನ್ನು ಬರೆದು, ಅಲ್ಲಿನ ವೈದ್ಯರಿಗೆಂದು ಇಂಗ್ಲಿಷಿನಲ್ಲಿ ಅರ್ಧ ಪುಟದ ಪತ್ರವೊಂದನ್ನೂ ಕೈಗೆ ಕೊಟ್ಟು ಕಳಿಸುತ್ತೇನೆ.