72 ಗಂಟೆಯೊಳಗೆ

ಕೇಳುಗರೆ, ನಮಸ್ಕಾರ.

ಎಲ್ಲೋ ಯುದ್ಧವಾಯಿತು, ಹೊಳೆ ಉಕ್ಕಿತು ಅಂದರೆ ನಾವು ಮೊದಲು ಕೇಳುವುದೇನು? ಅಕ್ಕಿ ಹೋಯಿತಾ, ಟಾರ್ಪಾಲು ಹೋಯಿತಾ, ಕುಡಿಯೋ ನೀರು ಹೋಯಿತಾ ಅಂತ. ಕೇಳಬೇಕಾದ್ದೇ. ಆದರೆ ಹೆರಿಗೆ ಮಾಡಿಸುವವರು ಹೋದರಾ ಅಂತ ಕೇಳುವವರು ಕಡಿಮೆ. ಅದೆಲ್ಲ ಆಮೇಲೆ ನೋಡೋಣ ಅನ್ನುತ್ತೇವೆ. ತುಂಬು ಬಸುರಿಗೆ ಆಮೇಲೆ ಅನ್ನುವುದು ಇರುವುದಿಲ್ಲ, ಅಲ್ವಾ?

2017ರ ಆಗಸ್ಟ್ ಕೊನೆಯಲ್ಲಿ ಮ್ಯಾನ್ಮಾರಿನ ಸೇನೆ ರಾಖೈನ್ ಪ್ರಾಂತ್ಯದಲ್ಲಿ ರೊಹಿಂಗ್ಯಾ ಎಂಬ ಮುಸ್ಲಿಂ ಅಲ್ಪಸಂಖ್ಯಾತರ ಹಳ್ಳಿಗಳ ಮೇಲೆ ಬಿತ್ತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕಿಂತ ಜಾಸ್ತಿ ಜನ ಗಡಿ ದಾಟಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆ ಸೇರಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು, ಹುಡುಗಿಯರು. ಸೈನಿಕರು ನಡೆಸಿದ ಸಾಮೂಹಿಕ ಅತ್ಯಾಚಾರಗಳನ್ನು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2018ರಲ್ಲಿ ದಾಖಲಿಸಿತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಜಗತ್ತಿಗೆ ಗೊತ್ತಿಲ್ಲದೆ ಇಲ್ಲ. ರುವಾಂಡಾ, ಬೋಸ್ನಿಯಾಗಳ ಯುದ್ಧದಲ್ಲಿ ಹೆಂಗಸರಿಗೆ ಆದದ್ದನ್ನು ಕಂಡ ಮೇಲೆ, 1990ರ ದಶಕದಲ್ಲೇ ನೆರವು ಸಂಸ್ಥೆಗಳು ಸೇರಿ ಹೆರಿಗೆ, ಅತ್ಯಾಚಾರದ ಚಿಕಿತ್ಸೆಯಂಥ ತುರ್ತು ಸೇವೆಗಳ ಒಂದು ಪಟ್ಟಿ ಮಾಡಿದವು. ಆದಷ್ಟು ಮಟ್ಟಿಗೆ 48 ಗಂಟೆಯೊಳಗೆ ಇವು ಶುರುವಾಗಬೇಕು ಎಂಬುದು ಈಗಿನ ನಿಯಮ. ಬಸುರಿಯರ ಕೈಗೆ ಕೊಡುವ ಒಂದು ಪೊಟ್ಟಣವೂ ಅದರಲ್ಲಿದೆ. ಸೋಪು, ಪ್ಲಾಸ್ಟಿಕ್ ಹಾಳೆ, ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟುವ ದಾರ, ಬಟ್ಟೆ. ಟೆಂಟಿನಲ್ಲೇ ಹೆರಿಗೆಯಾದರೂ ನಂಜಾಗದಿರಲಿ ಎಂದು. ರಕ್ತಸ್ರಾವ ನಿಲ್ಲದಿದ್ದರೆ ಮಾತ್ರ ಆಸ್ಪತ್ರೆಯೇ ಬೇಕು. ಕಾಕ್ಸ್ ಬಜಾರಿನ ಕುತುಪಾಲಂಗ್ ಶಿಬಿರದ ಎಷ್ಟೋ ಗುಡ್ಡಗಳ ಮೇಲೆ ಆಂಬುಲೆನ್ಸ್ ಹತ್ತುವುದಿಲ್ಲ. ಹೊತ್ತುಕೊಂಡೇ ಇಳಿಸಬೇಕು.

ಇನ್ನು ಅತ್ಯಾಚಾರಕ್ಕೆ ಒಳಗಾದವರ ಮಾತು. ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆಗೆ ಐದು ದಿನದ ಗಡುವು, ಅದೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ದಿನಗಟ್ಟಲೆ ಕಾಡು, ಕೆಸರು, ಗಡಿಯ ನಾಫ್ ನದಿ ದಾಟಿ ಬಂದವರಿಗೆ ಈ ಗಡುವು ದಾರಿಯಲ್ಲೇ ಮುಗಿದಿರುತ್ತದೆ. ಅವರಿಗೇನು ಗತಿ? ಬಾಂಗ್ಲಾದೇಶದ ಕಾನೂನಿನಲ್ಲಿ ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಗರ್ಭಪಾತಕ್ಕೆ ಅವಕಾಶ. ಆದರೆ ನಿಂತ ಮುಟ್ಟನ್ನು ಸರಿಪಡಿಸುವ ಚಿಕಿತ್ಸೆ ಎಂಬ ಹೆಸರಿನಲ್ಲಿ, ಮೊದಲ ಕೆಲವು ವಾರಗಳೊಳಗೆ, 1979ರಿಂದಲೂ ಅಲ್ಲಿನ ಸರ್ಕಾರ ಒಂದು ದಾರಿ ಬಿಟ್ಟಿದೆ. ಶಿಬಿರದ ಕ್ಲಿನಿಕ್‌ಗಳಲ್ಲೂ ಅದು ಸಿಕ್ಕಿತು. ಬಡ ದೇಶವೊಂದು ನಿರಾಶ್ರಿತ ಹೆಂಗಸರಿಗೆ ಕೊಟ್ಟ ದೊಡ್ಡ ನೆರವು ಇದು ಎಂದು ನಾನು ಮನಸಾರೆ ನಂಬುತ್ತೇನೆ.

ಔಷಧ ಇದ್ದರೂ ಹೆಂಗಸು ಬರಬೇಕಲ್ಲ! ಅತ್ಯಾಚಾರದ ಚಿಕಿತ್ಸೆ ಇಲ್ಲಿ ಸಿಗುತ್ತದೆ ಅಂತ ಬೋರ್ಡು ಹಾಕಿದರೆ ಯಾರು ಒಳಗೆ ಕಾಲಿಡುತ್ತಾರೆ? ಅದಕ್ಕೇ ಕಾಕ್ಸ್ ಬಜಾರಿನಲ್ಲಿ ಹೆಂಗಸರಿಗಷ್ಟೇ ಮೀಸಲಾದ ಮನೆಗಳು ಎದ್ದವು. ಶಾಂತಿಖಾನಾ ಅನ್ನುತ್ತಾರೆ. ಹೊಲಿಗೆ ಕಲಿಯಲು ಬರಬಹುದು, ಸುಮ್ನೆ ಕೂತು ಮಾತಾಡಲೂ ಬರಬಹುದು. ಯಾರು ಯಾತಕ್ಕೆ ಬಂದರು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಮಾತು ಬಂದಾಗ ಕೇಳುವವರು ಅಲ್ಲಿರುತ್ತಾರೆ.

ಶೌಚಾಲಯವೂ ಇದೇ ವಿಷಯಕ್ಕೆ ಸೇರಿದ್ದು. ದೀಪವಿಲ್ಲ, ಚಿಲಕವಿಲ್ಲ, ಗಂಡಸರ ಕಣ್ಣೆದುರೇ ಹೋಗಬೇಕು ಅಂದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆ ಶಿಬಿರಗಳಲ್ಲಿ ಹಾಗೇ ಆಯಿತು. 2025ರಲ್ಲಿ ಅಮೆರಿಕ ನೆರವಿನ ಹಣ ಕಡಿತ ಮಾಡಿದಾಗ ಇಂಥ ಸೇವೆಗಳಿಗೂ ಪೆಟ್ಟು ಬಿತ್ತು. ಇವನ್ನು ಮೊದಲು ಕತ್ತರಿಸಬಹುದಾದ ಖರ್ಚು ಎಂದುಕೊಳ್ಳುವುದು ಅನ್ಯಾಯ.

ನಮ್ಮಲ್ಲೂ 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಕಡೆ ಸಾವಿರಾರು ಜನ ಶಾಲೆಗಳಲ್ಲಿ ಆಸರೆ ಪಡೆದರು. ಮಳೆ ಜೋರಾದರೆ ಕಾಳಜಿ ಕೇಂದ್ರಗಳು ಮತ್ತೆ ತೆರೆಯುತ್ತವೆ. ನಿಮ್ಮೂರಲ್ಲಿ ತೆರೆದರೆ ಆಶಾ ಕಾರ್ಯಕರ್ತೆಯನ್ನು ಮೊದಲ ದಿನವೇ ಕರೆಸಿ. ಯಾರಿಗೆ ಎಷ್ಟು ತಿಂಗಳು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಹೆಂಗಸರ ಶೌಚಾಲಯಕ್ಕೆ ಬಲ್ಬು, ಚಿಲಕ ಇದೆಯಾ ಎಂದು ರಾತ್ರಿ ಹೊತ್ತು ಹೋಗಿ ನೋಡಿ. ಯಾರಿಗಾದರೂ ದೌರ್ಜನ್ಯವಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಅತ್ಯಾಚಾರವಾಗಿದ್ದರೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆಯವರು ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡಬೇಕು, ಅದು ಕಾನೂನು. ಮೊದಲು ದೂರು ಕೊಟ್ಟು ಬನ್ನಿ ಎಂದು ವಾಪಸ್ ಕಳಿಸುವ ಹಾಗಿಲ್ಲ.

ನಮಸ್ಕಾರ.